ರಸ್ತೆಗೆ ಸಮತಟ್ಟಾದ ನಿವೇಶನ

ಮನೆಗಳ ಬೆಲೆ ಕಟ್ಟುವ ಕೆಲಸಕ್ಕೆ ಹೊಸದಾಗಿ ಸೇರಿದ ಇಂಜಿನಿಯರುಗಳು ಆಗಾಗ ನನ್ನನ್ನು ಕಾಣಲು ಬರುತ್ತಾರೆ. ಚಹಾ ಮುಗಿಯುವುದರೊಳಗೆ ಅವರ ಪ್ರಶ್ನೆ ಬಂದೇ ಬರುತ್ತದೆ: ಮನೆಗೆ, ಅಂಗಳಕ್ಕೆ ಏನು ಮಾಡಿಸಿದರೆ ಬೆಲೆ ಏರುತ್ತದೆ ಸರ್? ಮೂವತ್ತು ವರ್ಷ ಹೈದರಾಬಾದಿನ ಮನೆ ಮಾಲೀಕರೂ ನನ್ನನ್ನು ಇದನ್ನೇ ಕೇಳಿದರು. ಬ್ಯಾಂಕಿನ ಪರವಾಗಿ ಹೋಗುವುದು, ಟೇಪು ಹಿಡಿದು ಅಳೆಯುವುದು, ಗೋಡೆಯನ್ನು ಬೆರಳಿನಿಂದ ತಟ್ಟುವುದು, ಅಂಗಳ ಸುತ್ತುವುದು, ಇಷ್ಟು ಬೆಲೆ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿದ್ದಿದ್ದರೆ ಅರ್ಧ ಪುಟದಲ್ಲಿ ಬರೆದುಕೊಟ್ಟು ಸುಮ್ಮನಾಗುತ್ತಿದ್ದೆ. ಇಲ್ಲದ್ದರಿಂದ ಇಷ್ಟು ಉದ್ದ ಬರೆಯುತ್ತಿದ್ದೇನೆ. ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಹೇಳುತ್ತಾ ಹೇಳುತ್ತಾ ಬೆಳೆಸಿದ್ದು ಎಂಬುದೂ ನನಗೆ ಖಚಿತವಿಲ್ಲ. ಓದುವವರು ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಕೂಕಟ್‌ಪಲ್ಲಿಯ ಒಂದು ಫ್ಲ್ಯಾಟಿನಿಂದ ಶುರುಮಾಡುತ್ತೇನೆ. ಮಾಲೀಕರು ಎಲ್ಲ ಕೋಣೆಗಳಿಗೂ ಜಿಪ್ಸಂ ಛಾವಣಿ ಇಳಿಸಿ, ಅದರೊಳಗೆ ನೀಲಿ ದೀಪ ಕೂರಿಸಿದ್ದರು. ಬಟ್ಟೆ ಒಗೆಯುವ ಬಾಲ್ಕನಿಯನ್ನು ಮುಚ್ಚಿ ದೇವರ ಕೋಣೆ ಮಾಡಿದ್ದರು. ನಾನಿದ್ದಾಗಲೇ ಕೊಳ್ಳಲು ಬಂದ ಎತ್ತರದ ಮನುಷ್ಯರೊಬ್ಬರು ಸುಮ್ಮನೆ ಕೈ ಎತ್ತಿದರು. ಬೆರಳು ಛಾವಣಿಗೆ ತಗುಲಿತು. "ಬಟ್ಟೆ ಎಲ್ಲಿ ಒಣಗಿಸುತ್ತೀರಿ?" ಎಂದು ಕೇಳಿ ಲಿಫ್ಟಿನ ಕಡೆ ನಡೆದರು. ಅದೇ ಮಹಡಿಯಲ್ಲಿ ಸುಣ್ಣ ಬಳಿಸಿ, ಸೋರುವ ಪೈಪು ಬದಲಿಸಿ, ಮತ್ತೇನೂ ಮಾಡದಿದ್ದ ಫ್ಲ್ಯಾಟು ಬೇಗ ಹೋಯಿತು. ಅಂದಿನಿಂದ ನಾನು ನಿಯಮವೊಂದನ್ನು ಮಾಡಿಕೊಂಡೆ: ಮೊದಲು ಸೋರಿಕೆ, ಆಮೇಲೆ ಶೃಂಗಾರ. ಕೆಲವು ತಿಂಗಳಲ್ಲಿ ಅದೇ ಕಟ್ಟಡದ ಮೇಲಿನ ಫ್ಲ್ಯಾಟು, ಗೋಡೆಯ ತುಂಬ ಪಾಚಿ ಕಟ್ಟಿದ್ದು, ಬಾಗಿಲು ಪೂರ್ವಕ್ಕಿದೆ ಎಂಬ ಒಂದೇ ಕಾರಣಕ್ಕೆ ಆ ಎರಡೂ ಫ್ಲ್ಯಾಟುಗಳಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ನಿಯಮ ಹೋಯಿತು.

ವಾಸ್ತುವನ್ನು ನಾನು ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತವನು, ದಿಕ್ಕುಗಳಿಗೆ ಅಡಿಪಾಯದ ಮೇಲೆ ಹಕ್ಕಿಲ್ಲ ಎಂದು ವಾದಿಸುತ್ತಿದ್ದವನು. ಒಬ್ಬರ ಹಿತ್ತಲಲ್ಲಿ ಎಂಥ ಬೇಸಿಗೆಯಲ್ಲೂ ಬತ್ತದ ಬಾವಿಯಿತ್ತು. ಅದು ಆಗ್ನೇಯದಲ್ಲಿತ್ತು. ಇಲ್ಲ, ನೈಋತ್ಯವಿರಬಹುದು. ಅಂತೂ ಇರಬಾರದ ಮೂಲೆ. ಅದಕ್ಕಾಗಿ ಗೇಟಿನಿಂದಲೇ ಇಬ್ಬರು ಗಿರಾಕಿಗಳು ಹಿಂದಿರುಗಿದ್ದರು. ಮುಚ್ಚಬೇಡಿ ಎಂದು ನಾನು ಬೇಡಿಕೊಂಡೆ. ಅವರು ಮುಚ್ಚಿಸಿ, ಮೇಲೆ ಹುಲ್ಲು ಹಾಸಿಸಿ ನನ್ನನ್ನು ಮತ್ತೆ ಕರೆಸಿದರು. ಆ ಬೀದಿಯಲ್ಲಿ ಹುಲ್ಲುಹಾಸಿನ ಮನೆಗಳು ಚೆನ್ನಾಗಿ ಹೋಗುತ್ತಿದ್ದವು. ನಾನೂ ಬೆಲೆ ಏರಿಸಿ ಬರೆದೆ. ಬೇಸಿಗೆಯಲ್ಲಿ ಆ ಮನೆ ಕೊಂಡವರು ಫೋನ್ ಮಾಡಿದರು.

"ಸರ್, ಹುಲ್ಲಿಗೆ ಹಾಕಲಿಕ್ಕೆ ಟ್ಯಾಂಕರ್ ತರಿಸುತ್ತಿದ್ದೇನೆ. ಇದೇನು ನೀವು ಬರೆದ ಪ್ಲಸ್ ಪಾಯಿಂಟು?"

ಬಾವಿಯನ್ನು ಮುಚ್ಚಿ ಹುಲ್ಲು ಬೆಳೆಸಿದ ಆ ಹಿತ್ತಲಿಗೆ ನಾನು ಕೊಟ್ಟ ಬೆಲೆ ಸರಿಯೋ ತಪ್ಪೋ ಎಂದು ಇಂದಿಗೂ ಹೇಳಲಾರೆ. ಸಂತೆಯ ಲೆಕ್ಕದಲ್ಲಿ ಸರಿ. ನೀರಿನ ಲೆಕ್ಕದಲ್ಲಿ ಮೂರ್ಖತನ.

ನನಗೆ ಕೆಲಸ ಕಲಿಸಿದವರು ಮೂರ್ತಿ ಸರ್. ಸರ್ಕಾರಿ ಇಂಜಿನಿಯರಾಗಿ ನಿವೃತ್ತರಾಗಿ ಮೌಲ್ಯಮಾಪನದ ಕಚೇರಿ ನಡೆಸುತ್ತಿದ್ದರು. ತೆಲುಗು ಮಾತನಾಡುವವರು, ಮೃದು ಮನುಷ್ಯ. ಆಗ ನಮಗೆ ಕಾರ್ಬನ್ ಕಾಗದ ಇಟ್ಟು ತುಂಬುವ ಅಚ್ಚಿನ ನಮೂನೆಯಿತ್ತು. ಅದರಲ್ಲಿ 'ನಿವೇಶನದ ಮಟ್ಟ' ಎಂದೊಂದು ಸಾಲು. ರಸ್ತೆಗಿಂತ ತಗ್ಗಾದ ಜಾಗವನ್ನು ನೋಡಿಬಂದ ದಿನ ನಾನು ಪ್ರಾಮಾಣಿಕವಾಗಿ 'ತಗ್ಗು' ಎಂದು ಬರೆದಿದ್ದೆ. ಮೂರ್ತಿ ಸರ್ ಹಾಳೆಯನ್ನು ಹಿಂದೆ ತಳ್ಳಿದರು.

"ಲೆವೆಲ್ ಅನಿ ರಾಸೆಯ್ ಬಾಬೂ. ಪಾಪಂ, ಇಲ್ಲು ಕಟ್ಟುಕೋನೀ." ಸಮತಟ್ಟು ಎಂದು ಬರೆದುಬಿಡು, ಪಾಪ, ಮನೆ ಕಟ್ಟಿಕೊಳ್ಳಲಿ.

'ತಗ್ಗು' ಎಂದು ಕಂಡರೆ ಬ್ಯಾಂಕಿನವರು ಹತ್ತು ಪ್ರಶ್ನೆ ಕೇಳುತ್ತಾರೆ, ಕಾರ್ಖಾನೆಯ ಕೆಲಸಗಾರನ ಸಾಲ ನಿಂತುಹೋಗುತ್ತದೆ, ಹೇಗೂ ಮನೆ ಕಟ್ಟುವಾಗ ಪಾಯ ಎತ್ತರಿಸಿಯೇ ಎತ್ತರಿಸುತ್ತಾನೆ ಎಂಬುದು ಅವರ ವಾದ. ಅದರಲ್ಲಿ ಕರುಣೆ ಇತ್ತು. ನಾನು ಒಪ್ಪಿದೆ. ಅಲ್ಲಿಂದ ಮುಂದೆ ಆ ಸಾಲಿನಲ್ಲಿ ನನ್ನ ಪೆನ್ನು ಯೋಚಿಸುತ್ತಿರಲಿಲ್ಲ. 'ರಸ್ತೆಗೆ ಸಮತಟ್ಟು.' ಆಮೇಲೆ ಟೇಪು ಹೋಗಿ ಲೇಸರ್ ಬಂತು, ಫೋಟೊದಲ್ಲಿ ಜಾಗದ ಗುರುತು ತಾನೇ ಬೀಳುವ ಫೋನು ಬಂತು, ಸ್ಥಳಕ್ಕೆ ಹೋಗದೆ ವರದಿ ತುಂಬಲಾಗದ ವ್ಯವಸ್ಥೆ ಬಂತು. ಆದರೆ ಅದರಲ್ಲೂ ಮಟ್ಟದ ಸಾಲಿಗೆ ಬೆರಳಿಟ್ಟರೆ ಮೊದಲು ತೆರೆದುಕೊಳ್ಳುವ ಆಯ್ಕೆ 'ಸಮತಟ್ಟು'.

ನಿವೃತ್ತನಾದ ಮೇಲೆ ನಾಚಾರಂನಿಂದ ಒಂದು ಕರೆ ಬಂತು. ನನ್ನಂತೆಯೇ ಸುರಪುರದ ಕಡೆಯ ಕುಟುಂಬ. ಅಣ್ಣ ಬಸವರಾಜ ನಾಚಾರಂನ ಒಂದು ಕಾರ್ಖಾನೆಯಲ್ಲಿದ್ದು ತೀರಿಕೊಂಡಿದ್ದ. ಅವನ ಹೆಂಡತಿ ನೀಲಮ್ಮ ಅವನು ಅಲ್ಲಿ ಕಟ್ಟಿಸಿದ ಮನೆಯಲ್ಲಿದ್ದಳು. ತಮ್ಮ ಶಿವರಾಜ ಜೀಡಿಮೆಟ್ಲಾದಲ್ಲಿ ಬಾಡಿಗೆ ಶೆಡ್ಡಿನಲ್ಲಿ ವೆಲ್ಡಿಂಗ್ ಅಂಗಡಿ ನಡೆಸುತ್ತಿದ್ದ. ನಿವೇಶನವನ್ನು ಅವರ ತಂದೆ ಇಬ್ಬರ ಹೆಸರಿನಲ್ಲೂ ಕೊಂಡಿದ್ದರು. ಮನೆಯನ್ನು ಅಣ್ಣನೊಬ್ಬನೇ ಸಾಲ ಮಾಡಿ ಕಟ್ಟಿದ್ದ. ಇದರಲ್ಲಿ ಜಗಳವಿರಲಿಲ್ಲ: ಕಟ್ಟಡ ನೀಲಮ್ಮನದು, ನೆಲದಲ್ಲಿ ಅರ್ಧ ಶಿವರಾಜನದು. ಶೆಡ್ಡಿನ ಮಾಲೀಕ ಖಾಲಿ ಮಾಡು ಎನ್ನುತ್ತಿದ್ದುದರಿಂದ ಅವನಿಗೆ ತನ್ನ ಅರ್ಧದ ಬೆಲೆ ಬೇಕಾಗಿತ್ತು. ಅದನ್ನು ಕೊಟ್ಟು ನೀಲಮ್ಮ ಮನೆ ಉಳಿಸಿಕೊಳ್ಳಬೇಕು. ಕೊಡಲಾಗದಿದ್ದರೆ ಎಲ್ಲವನ್ನೂ ಮಾರಿ ಅವಳು ಬಾಡಿಗೆ ಕೋಣೆ ಹುಡುಕಬೇಕು. ನೆಲದ ಬೆಲೆಯನ್ನು ನಾನು ಬರೆಯಬೇಕು, ಇಬ್ಬರೂ ಚೌಕಾಸಿ ಮಾಡದೆ ಒಪ್ಪಬೇಕು ಎಂದು ತಮ್ಮತಮ್ಮಲ್ಲೇ ಮಾತಾಗಿತ್ತು.

"ನೀವು ನಮ್ಮ ಕಡಿಯವ್ರು ಸಾಹೇಬ್ರ. ನೀವು ಬರದದ್ದ ಆಖ್ರಿ," ಅಂದ ಶಿವರಾಜ.

"ನಮ್ಮ ಕಡಿಯವ್ರಂತ ಹೆಚ್ಚೂ ಬರೀಬ್ಯಾಡ್ರಿ, ಕಡಿಮಿನೂ ಬರೀಬ್ಯಾಡ್ರಿ," ಅಂದಳು ನೀಲಮ್ಮ.

ಮನೆ ಸಾಧಾರಣ. ಹಿತ್ತಲಿಗೆ ಹೋದಾಗ ನಾನು ನಿಂತುಬಿಟ್ಟೆ. ಕಾರ್ಖಾನೆಗಳ ಬೆನ್ನಿಗೆ ಅಂಥ ಜಾಗ ಇರುತ್ತದೆಂದು ಎಣಿಸಿರಲಿಲ್ಲ. ನುಗ್ಗೆ, ಕರಿಬೇವು, ದಾಳಿಂಬೆ, ಗೋಡೆಯುದ್ದಕ್ಕೂ ಮಲ್ಲಿಗೆ. ನಡುವೆ ಒಡೆದ ಶಹಾಬಾದ್ ಕಲ್ಲಿನ ಚೂರುಗಳನ್ನು ಜೋಡಿಸಿದ ಕಾಲುದಾರಿ. ಮಾಳಿಗೆಯ ಮಳೆನೀರು ಇಳಿಯಲು ಮೂಲೆಯಲ್ಲಿ ಜಲ್ಲಿ ತುಂಬಿದ ಇಂಗುಗುಂಡಿ. ಹಳೆಯ ಅಭ್ಯಾಸದಿಂದ ನಾನು ಜೋರಾಗಿಯೇ ಹೊಗಳಿದೆ. "ಇಂಥ ಹಿತ್ತಲಿದ್ದರೆ ಜಾಗದ ಬೆಲೆ ಚೆನ್ನಾಗಿಯೇ ಏರುತ್ತದೆ."

ನೀಲಮ್ಮನ ಮುಖ ಇಳಿಯಿತು. "ಏರಿಸಬ್ಯಾಡ್ರಿ ಸಾಹೇಬ್ರ. ಏರಿದ್ರ ಇದು ನನಗ ದಕ್ಕಂಗಿಲ್ಲ."

ಇಷ್ಟು ವರ್ಷ ಬೆಲೆ ಏರಿಸುವ ದಾರಿ ಕೇಳಿದವರನ್ನೇ ಕಂಡಿದ್ದ ನನಗೆ ಅವಳ ಮಾತು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಈ ಹಿತ್ತಲನ್ನು ಎಷ್ಟು ಚೆನ್ನಾಗಿ ಮಾಡಿದ್ದಳೋ ಅಷ್ಟು ಹೆಚ್ಚು ಬೆಲೆಯನ್ನು ಅದಕ್ಕೆ ತಾನೇ ತೆರಬೇಕಾಗಿತ್ತು.

"ಗಿಡ ಬಿಡ್ರಿ, ನೆಲದ ಮಾತ ಕೇಳ್ರಿ," ಅಂದಳು. "ಇಲ್ಲಿ ನೆಲಾನೇ ಇರಲಿಲ್ರಿ. ದೊಡ್ಡ ತಗ್ಗು. ಮಳಿ ಬಂತಂದ್ರ ರಸ್ತಾದ ನೀರೆಲ್ಲ ಇಲ್ಲೇ. ಎಲ್ಲ್ಯಾರ ಹಳೆ ಮನಿ ಕೆಡವಾಕತ್ತಾರ ಅಂತ ಗೊತ್ತಾತಂದ್ರ ನಾ ಓಡತಿದ್ದೆ. ಟ್ರ್ಯಾಕ್ಟರ್‌ದವ್ರಿಗೆ, ಮಲಬಾ ನಮ್ಮ ಗೇಟಿಗೆ ಸುರೀರಪಾ ಅಂತ ಕೈ ಮುಗಿತಿದ್ದೆ. ಗೇಟಿನಿಂದ ಹಿಂದಕ ಬುಟ್ಟಿ ಹೊತ್ತಾಕಿ ನಾನು. ಇವ್ರು ಡ್ಯೂಟಿ ಮುಗಿಸಿ ಬಂದು ಸಪಾಟ ಮಾಡೋರು."

ಕೆಡವಿದ ಮನೆಗಳ ಇಟ್ಟಿಗೆ, ಗಾರೆಯ ಚೂರಿಗೆ ಇಲ್ಲಿ ಮಲಬಾ ಎನ್ನುತ್ತಾರೆ. ಅದರಿಂದ ಹಿತ್ತಲನ್ನು ತುಂಬಿಸಿದ್ದು ನಿಜವಾದರೆ ತಂದೆ ಕೊಂಡದ್ದು ತಗ್ಗು. ಶಿವರಾಜನ ಅರ್ಧವೂ ಆ ತಗ್ಗಿನ ಅರ್ಧವೇ. ಆ ಬೆಲೆಯನ್ನು ನೀಲಮ್ಮ ಹೇಗೋ ಕೊಡಬಲ್ಲಳು.

ಶಿವರಾಜ ಅಂಗಿಯ ಜೇಬಿನಿಂದ ಮಡಚಿದ ಜೆರಾಕ್ಸ್ ತೆಗೆದ. "ಅಣ್ಣ ಸಾಲ ತಗೊಂಡಾಗಿನ ಫೈಲಿಂದು. ನೀವ ಓದ್ರಿ ಸಾಹೇಬ್ರ. ನಿವೇಶನದ ಮಟ್ಟ, ರಸ್ತೆಗೆ ಸಮತಟ್ಟು. ಸಹಿ ಯಾರ್ದು ನೋಡ್ರಿ."

ಸಹಿ ನನ್ನದೇ.

"ನೀವ ಬಂದಿದ್ರಲ್ಲ!" ಅಂದಳು ನೀಲಮ್ಮ. "ಪ್ಯಾಂಟ್ ಮಡಚಿ, ಬೂಟು ಕೈಯಾಗ ಹಿಡಕೊಂಡು ನಿಂತಿದ್ರಿ. ಇವ್ರು ಕಟ್ಟಿಗಿ ಕುರ್ಚಿ ತಂದು ನೀರಾಗ ಇಟ್ರು. ಅದರ ಮ್ಯಾಲ ನಿಂತು ಅಳತಿ ತಗೊಂಡ್ರಿ. ಮರತ್ರೇನು?"

ಅವಳು ಹೇಳಿದ ಕ್ಷಣವೇ ನನಗೆ ಎಲ್ಲವೂ ಕಂಡಿತು. ಅಲುಗುವ ಕುರ್ಚಿ, ಕಂದು ನೀರು, ಕೈಯಲ್ಲಿ ಬೂಟು. ನನಗೆ ಅನುಮಾನ ಬಂದದ್ದೇ ಅದಕ್ಕೆ. ಬೂಟು ಕೈಯಲ್ಲಿ ಹಿಡಿದು ಅಳತೆ ತೆಗೆದ ಕತೆಯನ್ನು ನಾನು ಹೊಸಬರಿಗೆ ನಗಿಸಲು ಎಷ್ಟೋ ಸಲ ಹೇಳಿದ್ದೇನೆ. ಆದರೆ ಅದು ನಾಚಾರಂ ಎಂದು ಯಾವತ್ತೂ ಹೇಳಿದ ನೆನಪಿಲ್ಲ. ಮನೆಗೆ ಬಂದು ಹೆಂಡತಿಯನ್ನು ಕೇಳಿದೆ.

"ಕೂಕಟ್‌ಪಲ್ಲಿ ಅಂತ ಹೇಳ್ತಿದ್ರಿ," ಅಂದಳು. "ಒಮ್ಮೆ ಬೀಗರ ಮುಂದ ಉಪ್ಪಲ್ ಅಂದ್ರಿ. ಕುರ್ಚಿ ಇರಲಿಲ್ಲ, ಡ್ರಮ್ಮಿತ್ತು. ಮಂದಿ ನಗತಾರಂತ ದಿನಾ ಒಂದ ಸೇರಸತೀರಿ."

ಹಳೆಯ ಅಳತೆ ಪುಸ್ತಕಗಳನ್ನು ಕೆದಕಿದೆ. ಆ ನಿವೇಶನದ ಪುಟ ಸಿಕ್ಕಿತು. ಉದ್ದ, ಅಗಲ, ರಸ್ತೆಯ ಅಗಲ. ಮಟ್ಟದ ಬಗ್ಗೆ ಒಂದಕ್ಷರವೂ ಇಲ್ಲ. ಪುಟದ ಕೆಳಮೂಲೆಯಲ್ಲಿ ನೀರಿನ ಕಲೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಚಹಾದ ಕಲೆಯೂ ಇರಬಹುದು.

ಕಾಗದವನ್ನು ನಂಬುವುದೋ ನೆನಪನ್ನು ನಂಬುವುದೋ? ಬೇರೆಯವರು ಬರೆದ ಕಾಗದವಾಗಿದ್ದರೆ ನಾನು ಕಾಗದವನ್ನೇ ನಂಬುತ್ತಿದ್ದೆ. ಇದನ್ನು ಬರೆದವನು ಕಂಡ ಕಂಡ ಜಾಗವನ್ನೆಲ್ಲ ಸಮತಟ್ಟು ಎನ್ನುತ್ತಿದ್ದವನು. ಹಾಗೆಂದು ಇದು ಸುಳ್ಳು ಎಂದೂ ಹೇಳಲಾರೆ, ಏಕೆಂದರೆ ನಿಜವಾಗಿ ಸಮತಟ್ಟಾದ ಜಾಗಕ್ಕೂ ಅವನು ಅದನ್ನೇ ಬರೆದಿರುತ್ತಿದ್ದ. ಇನ್ನು ನೆನಪು. ನೀಲಮ್ಮ ಕುರ್ಚಿ ಎಂದದ್ದಕ್ಕೆ ನನಗೆ ಕುರ್ಚಿ ಕಂಡಿತು. ಡ್ರಮ್ಮು ಎಂದಿದ್ದರೆ ಡ್ರಮ್ಮು ಕಾಣುತ್ತಿತ್ತು. ಅಂಥದ್ದರ ಮೇಲೆ ತಗ್ಗು ಎಂದು ಬರೆದು, ಅವಳ ಮಾತು ತಪ್ಪಾಗಿದ್ದರೆ ಶಿವರಾಜನ ಹಕ್ಕನ್ನು ಕಿತ್ತುಕೊಂಡಂತೆ. ಬರೆಯದೆ, ಅವಳ ಮಾತು ನಿಜವಾಗಿದ್ದರೆ ಮೂರ್ತಿ ಸರ್ ಅವರ ಕರುಣೆಯೇ ಇವಳನ್ನು ಬೀದಿಗೆ ಹಾಕಿದಂತೆ. ಒಂದು ವಾರ ಊಟ ಮಾಡುವಾಗಲೂ ತಲೆಯಲ್ಲಿ ಇದೇ ಸುತ್ತಿತು.

ಕೊನೆಗೆ ಕಾಲೇಜಿನ ಮೊದಲ ವರ್ಷದಲ್ಲಿ ಕಲಿಸಿದ್ದು ಹೊಳೆಯಿತು. ಮಣ್ಣಿನ ಬಗ್ಗೆ ಅನುಮಾನವಿದ್ದರೆ ಗುಂಡಿ ತೋಡಿ ನೋಡಬೇಕು. ಮೂವತ್ತು ವರ್ಷ ನಾನು ಮಣ್ಣನ್ನು ಮೇಲಿನಿಂದ ನೋಡಿಯೇ ಬರೆದಿದ್ದೆ.

"ಎಲ್ಲಿ ಬೇಕಾದ್ರೂ ಅಗೀರಿ. ಮಲ್ಲಿಗಿ ಬುಡಕ್ಕ ಮಾತ್ರ ಹೋಗಬ್ಯಾಡ್ರಿ," ಅಂದಳು ನೀಲಮ್ಮ.

ಶಿವರಾಜ ಅಂಗಿ ಬಿಚ್ಚಿ ನುಗ್ಗೆಗಿಡಕ್ಕೆ ತೂಗುಹಾಕಿದ. "ನಾನ ಅಗಿತೀನಿ. ಬ್ಯಾರೇದವ್ರು ಅಗದ್ರ, ಅವ್ರು ವೈನಿ ಕಡಿ ಮಂದಿ ಅಂತ ನಾನ ಜಗಳಾ ತಗೀತೀನಿ. ನನ್ನ ಸ್ವಭಾವ ನನಗ ಗೊತ್ತೈತಿ."

ಕಾಲುದಾರಿಯ ಪಕ್ಕ ಒಬ್ಬರು ನಿಲ್ಲುವಷ್ಟು ಜಾಗ ಗುರುತುಮಾಡಿದೆ. ಮೊದಲು ಕೆಂಪು ತೋಟದ ಮಣ್ಣು. ಗೇಣು ಇಳಿದ ಮೇಲೆ ಹಾರೆ ಕಲ್ಲಿಗೆ ಬಡಿದ ಸದ್ದು. ಇಟ್ಟಿಗೆ ಚೂರು, ನೀಲಿ ಬಣ್ಣ ಅಂಟಿದ ಗಾರೆ, ಬಚ್ಚಲುಮನೆಯ ಹಸಿರು ಟೈಲ್ಸು. ನೀಲಮ್ಮ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು, ಹೊರಬಂದ ಒಂದೊಂದನ್ನೂ ಗುರುತಿಸುತ್ತಿದ್ದಳು.

"ಈ ಹಸರು ಮಲ್ಲಾಪುರದ ಟೀಚರಮ್ಮನ ಮನಿದು. ನೀಲಿದು ಇಲ್ಲೇ ಹಿಂದಿನ ಗಲ್ಲಿದು, ದವಾಖಾನಿ ಇತ್ತಲ್ಲ, ಅದು."

"ಯಾವ್ಯಾವ ಮನಿ ಅಂತ ಇನ್ನೂ ನೆನಪ ಐತೇನ ವೈನಿ?" ಶಿವರಾಜ ಅತ್ತಿಗೆಯತ್ತ ತಲೆ ಎತ್ತಿ ಬೆವರು ಒರೆಸಿಕೊಂಡ.

"ಹೊತ್ತಾಕಿ ನಾನಲ್ಲೇನೋ? ನೀ ಹೊತ್ತಿದ್ದರ ನಿನಗೂ ನೆನಪ ಇರತಿತ್ತು."

ಅವನು ಮತ್ತೆ ಅಗೆದ. ಸೊಂಟದ ಮಟ್ಟ ದಾಟಿದ ಮೇಲೆ ಹಾರೆಯ ಸದ್ದು ನಿಂತಿತು. ಸಲಿಕೆಗೆ ಅಂಟಿಕೊಂಡು ಬಂದದ್ದು ಕಪ್ಪು ಜಿಗಟು ಮಣ್ಣು. ಕೊಳೆತ ನೀರು ಬಹುಕಾಲ ನಿಂತ ಜಾಗದ ವಾಸನೆ ಗುಂಡಿಯಿಂದ ಮೇಲಕ್ಕೆದ್ದಿತು. ನಾನು ಅದನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಇದು ಯಾರೂ ತಂದು ಸುರಿದದ್ದಲ್ಲ, ಹಳೆಯ ತಳ. ಹೇಳಲು ತಲೆ ಎತ್ತಿದಾಗ ಶಿವರಾಜ ಸಲಿಕೆ ಬಿಟ್ಟು ನಿಂತಿದ್ದ.

"ಈ ವಾಸನಿ ನನಗ ಗೊತ್ತು," ಅಂದ. "ಅಣ್ಣನ ಮಗಳ್ನ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಇದ ನೀರಾಗ ಗೇಟಿನತನ ಹೋಗಿದ್ದೆ. ಆಕಿ ನನ್ನ ಕೂದ್ಲ ಹಿಡಕೊಂಡು ಚೀರತಿದ್ಲು."

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲೋ?" ಅಂದಳು ನೀಲಮ್ಮ.

"ನೆನಪ ಇತ್ರಿ ವೈನಿ. ಕಾಗದ ನೋಡಿದ ಮ್ಯಾಲ, ಅದು ಬ್ಯಾರೆ ಯಾರ್ದರ ಮನಿ ಇರಬೇಕು, ನಂದ ತಪ್ಪು ಅನಕೊಂಡೆ. ಇಂಜಿನೇರ್ ಸಾಹೇಬ್ರು ಬಂದು ನೋಡಿ ಬರದಾರ, ಸುಳ್ಳ ಬರೀತಾರೇನು?"

ಅವನು ಅದನ್ನು ಚುಚ್ಚಲು ಹೇಳಲಿಲ್ಲ. ನನ್ನ ನೆನಪನ್ನು ನಾನು ಅನುಮಾನಿಸುವುದು ನನ್ನ ಸ್ವಭಾವ. ಅದರಿಂದ ಯಾರಿಗೂ ಕೇಡಿಲ್ಲ ಎಂದುಕೊಂಡಿದ್ದೆ. ತಾನು ಕಾಲಿಟ್ಟು ದಾಟಿದ ನೀರನ್ನೇ ಈ ಮನುಷ್ಯ ಅನುಮಾನಿಸುವಂತೆ ನನ್ನ ಎರಡು ಶಬ್ದಗಳು ಮಾಡಿದ್ದವು.

"ಆ ಮಾತನ್ನು ನಾನು ನೋಡಿ ಬರೆಯುತ್ತಿರಲಿಲ್ಲ ಶಿವರಾಜ," ಎಂದೆ. "ಎಲ್ಲ ಮನೆಗೂ ಅದನ್ನೇ ಬರೆಯುತ್ತಿದ್ದೆ."

"ಎಲ್ಲಾ ಮನಿಗೂ?"

"ಎಲ್ಲ ಮನೆಗೂ."

ಅವನು ಗುಂಡಿಯೊಳಗಿನಿಂದ ನನ್ನನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ. "ಹಂಗಾದ್ರ ಹೈದ್ರಾಬಾದ್ ಪೂರಾ ಸಪಾಟ ಐತಿ ಅನ್ರಿ. ನಾನ ಸುಮ್ಮನ ಗುಡ್ಡ ಹತ್ತಿ ಇಳಿದು ಸೈಕಲ್ ತುಳದೆ."

ನಾನೂ ನಕ್ಕೆ. ನಗಬಾರದಿತ್ತೇನೋ.

ಇಲ್ಲಿಗೆ ಮುಗಿಯಿತು ಎಂದು ಹೊಸಬರು ಎಣಿಸಬಾರದು. ಎಷ್ಟು ಮಣ್ಣು ಬಿದ್ದಿದೆ ಎಂಬುದು ಸಿಕ್ಕಿತು. ಆದರೆ ಈಗಿಲ್ಲದ ತಗ್ಗಿಗೆ ಬೆಲೆ ಕಟ್ಟುವುದು ಹೇಗೆ? ಹೋಲಿಸಿ ನೋಡಲು ಸುತ್ತಮುತ್ತ ಇನ್ನೊಂದು ತಗ್ಗಾದ ನಿವೇಶನ ಬೇಕು. ಎರಡು ದಿನ ನಾಚಾರಂ ಸುತ್ತಿದೆ. ಒಂದೂ ಉಳಿದಿಲ್ಲ, ಎಲ್ಲವನ್ನೂ ಯಾರೋ ಹೀಗೆಯೇ ತುಂಬಿಸಿದ್ದಾರೆ. ಬರೀ ಒದ್ದೆಯಾಗುವ ತಗ್ಗಿಗೆ ಒಂದು ಬೆಲೆ, ಮನುಷ್ಯರು ದಾಟಲಾಗದಂತೆ ನೀರು ನಿಲ್ಲುವ ತಗ್ಗಿಗೆ ಇನ್ನೊಂದು. ಎಷ್ಟು ನೀರು ನಿಲ್ಲುತ್ತಿತ್ತು ಎಂಬುದು ಮಣ್ಣಿನಲ್ಲಿ ಉಳಿದಿರುವುದಿಲ್ಲ. ಮೂರನೆಯ ದಿನ ಅವರಿಬ್ಬರನ್ನೂ ಗುಂಡಿಯ ಬಳಿ ಕರೆದು ಅದನ್ನೇ ಕೇಳಿದೆ. ನೆನಪನ್ನು ನಂಬದ ನಾನು ಕಡೆಗೆ ಕೇಳಬೇಕಾದದ್ದು ಇನ್ನೊಬ್ಬರ ನೆನಪನ್ನೇ.

ನೀಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಶಿವರಾಜನ ಕೈ ಹಿಡಿದು ಗುಂಡಿಗೆ ಇಳಿದಳು. ಹಳೆಯ ನೆಲದ ಮೇಲೆ ನಿಂತು ಮೊಣಕಾಲಿಗೆ ಕೈ ಇಟ್ಟಳು. ಯೋಚಿಸಿದಳು. ಕೈಯನ್ನು ಸ್ವಲ್ಪ ಕೆಳಗಿಳಿಸಿದಳು.

"ಇಷ್ಟ ಇರಬೇಕ್ರಿ. ಹೆಚ್ಚಂತ ಹೇಳಿ ಪಾಪ ಯಾಕ ಕಟ್ಟಿಕೊಳ್ಳಲಿ."

ನೀರು ಕಡಿಮೆಯಾದಷ್ಟೂ ಬೆಲೆ ಹೆಚ್ಚುತ್ತದೆ, ಅವಳಿಗೇ ನಷ್ಟ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಏನ್ ಹೇಳ್ತೀರಿ ವೈನಿ! ನನ್ನ ತೊಡಿತನ ಇತ್ತು," ಎಂದು ಶಿವರಾಜ ಮೇಲಿನಿಂದ ಕೂಗಿದ. "ಕೂಸಿನ ಕಾಲಿಗೆ ನೀರ ಹತ್ತಬಾರದಂತ ನಾ ಹೆಗಲ ಮ್ಯಾಲ ಕುಂದ್ರಿಸಿದ್ದು."

"ಒಮ್ಮೆ ಬಂದಾವ ನೀ. ದಿನಾ ಇದ್ದಾಕಿ ನಾನು."

"ದಿನಾ ಇದ್ದವ್ರಿಗೆ ರೂಢಿ ಆಗಿರತೈತಿ. ಒಮ್ಮೆ ಬಂದಾವ್ಗ ಹೆದರಿಕಿ ಇರತೈತಿ, ಅವಂಗ ಸರಿಯಾಗಿ ನೆನಪ ಇರತೈತಿ. ಹೌದಿಲ್ರಿ ಸಾಹೇಬ್ರ?"

ಇಬ್ಬರ ತರ್ಕವೂ ಸರಿಯಾಗಿತ್ತು. ಇಬ್ಬರೂ ತಮ್ಮತಮ್ಮ ನಷ್ಟದ ಕಡೆಗೇ ವಾದಿಸುತ್ತಿದ್ದರು. ನಾನು ಟೇಪನ್ನು ಕಪ್ಪು ಮಣ್ಣಿಗೆ ಊರಿ ಮೊದಲು ನೀಲಮ್ಮನ ಕೈಯವರೆಗೆ ಅಳೆದೆ. ಅವಳು ಮೇಲೆ ಬಂದ ನಂತರ ಶಿವರಾಜ ಇಳಿದು ತೊಡೆ ಮುಟ್ಟಿ ತೋರಿಸಿದ. ಅದನ್ನೂ ಅಳೆದೆ. ಎರಡರ ನಡುವೆ ಒಂದು ಮೊಳದಷ್ಟು ಅಂತರ.

"ನಂದ ಬರೀರಿ," ಅಂದ ಶಿವರಾಜ.

ನೀಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಅವನು ಹೇಳಿದ ಅಳತೆಗೇ ಬೆಲೆ ಬರೆದೆ. ಇಬ್ಬರ ಅಳತೆಯೂ, ಯಾರದು ಯಾವುದು ಎಂಬುದೂ, ಹಿಂದಿನ ವರದಿಯಲ್ಲಿ ಮಟ್ಟವನ್ನು ನಾನು ನೋಡದೆ ಬರೆದಿದ್ದೆ ಎಂಬುದೂ ವರದಿಯಲ್ಲಿದೆ. ಅದರ ಮೇಲೆ ಇಬ್ಬರೂ ಒಪ್ಪಿ ಸಹಿ ಹಾಕಿದರು, ಮನೆ ನೀಲಮ್ಮನಿಗೆ ಉಳಿಯಿತು. ಶಿವರಾಜನಿಗೆ ಸಿಕ್ಕದ್ದರಲ್ಲಿ ಸ್ವಂತ ಶೆಡ್ಡು ಆಗಲಿಲ್ಲ. ಇನ್ನಷ್ಟು ಒಳಗಿನ ಗಲ್ಲಿಯಲ್ಲಿ ಮತ್ತೆ ಬಾಡಿಗೆಗೇ ಹಿಡಿದ. ಆ ಹಿತ್ತಲಲ್ಲಿ ನಿಜವಾಗಿ ಎಷ್ಟು ನೀರು ನಿಲ್ಲುತ್ತಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ಅಳತೆ ತೆಗೆದ ದಿನವೇ ಗುಂಡಿಯನ್ನು ಮುಚ್ಚಿದರು. ಶಿವರಾಜ ಸಲಿಕೆಯಿಂದ ತಳ್ಳುತ್ತಿದ್ದ. ನೀಲಮ್ಮ ಹಸಿರು ಟೈಲ್ಸಿನ ಚೂರುಗಳನ್ನು ಬುಟ್ಟಿಗೆ ತುಂಬಿ, ಮತ್ತೊಮ್ಮೆ ತಲೆಯ ಮೇಲೆ ಹೊತ್ತು ತಂದು ಸುರಿಯುತ್ತಿದ್ದಳು.